ಅಟ್ಟದ ಬಾಗಿಲು, ಮೂರು ಕ್ಯಾಮೆರಾ: ಫೌಂಡ್ ಫೂಟೇಜ್ ಹಾರರ್‌ಗೆ ಯಾವುದು?

ಯಾರೋ ಬಿಟ್ಟುಹೋದ ವಿಡಿಯೊ ಸಿಕ್ಕಿದೆ ಎಂದು ನಂಬಿಸುವುದೇ ಫೌಂಡ್ ಫೂಟೇಜ್‌ನ ಬಂಡವಾಳ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ನಲ್ಲಿ ನಟರೇ ಕ್ಯಾಮೆರಾ ಹಿಡಿದರು. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ನಿರ್ದೇಶಕರ ಸ್ವಂತ ಮನೆಯಲ್ಲೇ ಸುಮಾರು 15,000 ಡಾಲರಿಗೆ ಚಿತ್ರೀಕರಣವಾಗಿ 19 ಕೋಟಿ ಡಾಲರ್ ದಾಟಿತು. ಕನ್ನಡದಲ್ಲಿ 2013ರ ‘6-5=2’ ಇದೇ ಜಾಡು ಹಿಡಿಯಿತು. ಇವನ್ನೆಲ್ಲ ನೋಡಿ ‘ಕ್ಯಾಮೆರಾ ಕಳಪೆಯಾಗಿದ್ದರೆ ಸಾಕು’ ಎಂದುಕೊಳ್ಳುವವರು ಬಹಳ. ಸಾಲದು. ಇಷ್ಟು ಹೆದರಿದ ಮನುಷ್ಯ ಕ್ಯಾಮೆರಾ ಬಿಸಾಡಿ ಯಾಕೆ ಓಡಿಲ್ಲ ಎನ್ನುವುದಕ್ಕೆ ಉತ್ತರ ಬೇಕು.

ಮೊಬೈಲ್, ಹಳೇ ಹ್ಯಾಂಡಿಕ್ಯಾಮ್, ಸಿಸಿಟಿವಿ, ಈ ಮೂರನ್ನು ಹೋಲಿಸಿದ್ದು ಉಡುಪಿ ಕಡೆಯ ಹೆಂಚಿನ ಮನೆಯಲ್ಲಿ, ಮಳೆಗಾಲದಲ್ಲಿ. ದೃಶ್ಯ ಒಂದೇ: ಅಟ್ಟದ ಬಾಗಿಲು ತಾನಾಗಿ ಒಂದು ಗೇಣು ತೆರೆಯಬೇಕು. ಎಳೆಯುವುದಕ್ಕೆ ಗಾಳದ ನೈಲಾನ್ ನೂಲು.

ಯಾಕೆ ಬಿಸಾಡಿಲ್ಲ ಎನ್ನುವುದಕ್ಕೆ ಮೊಬೈಲ್‌ನಲ್ಲಿ ಉತ್ತರ ಸುಲಭ: ಕರೆಂಟಿಲ್ಲ, ಟಾರ್ಚ್ ಅದರಲ್ಲೇ ಇದೆ. ಸೆಟ್ಟಿಂಗ್ ಮಾತ್ರ ಹಾಗೇ ಬಿಡಬೇಡಿ. ಕರೆಂಟಿರುವ ದೃಶ್ಯವೂ ಇದ್ದರೆ ನೆನಪಿಡಿ, ನಮ್ಮ ಕರೆಂಟು 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ). ಸೆಕೆಂಡಿಗೆ 30 ಫ್ರೇಮಿನಲ್ಲಿ ಶಟರ್ 1/60 ಸೆಕೆಂಡ್ ಆದರೆ ಟ್ಯೂಬ್‌ಲೈಟ್ ಕೆಳಗೆ ಪಟ್ಟಿ ಪಟ್ಟಿಯಾಗಿ ಮಿನುಗುತ್ತದೆ. 25 ಫ್ರೇಮ್, 1/50 ಇಡಿ. ಎಕ್ಸ್‌ಪೋಶರ್ (ಒಳಬರುವ ಬೆಳಕಿನ ಮಟ್ಟ) ಲಾಕ್ ಮಾಡದಿದ್ದರೆ ಟಾರ್ಚ್ ತಿರುಗಿದಾಗಲೆಲ್ಲ ಚಿತ್ರ ಬೆಳಗಿ ಮಂಕಾಗಿ ಉಸಿರಾಡುತ್ತದೆ. ಹಲವು ಮೊಬೈಲ್‌ಗಳಲ್ಲಿ ಫ್ರೇಮ್ ದರ ಏರಿಳಿಯುವುದರಿಂದ ಉದ್ದದ ಶಾಟ್‌ನಲ್ಲಿ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ. ಎಡಿಟಿಂಗ್‌ಗೆ ಮೊದಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಸ್ಥಿರ 25 ಫ್ರೇಮಿಗೆ ಬದಲಿಸಿ. ದೊಡ್ಡ ತೊಂದರೆ ಸದ್ದಿನದು: ಮಾತು ನಿಂತ ಕೂಡಲೇ ಮೈಕ್ ತಾನೇ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಏರಿಸಿ ಹೆಂಚಿನ ಮೇಲಿನ ಮಳೆಯನ್ನು ಜಲಪಾತ ಮಾಡುತ್ತದೆ. ಮಳೆ ಬಿಟ್ಟ ಮೇಲಿನ ತೊಟ್ಟಿಕ್ಕುವ ಹೊತ್ತಿಗೆ ಕಾಯಿರಿ. ಹೆದರಿಸುವುದೂ ಅದೇ.

ಚಿಕ್ಕ ಟೇಪ್ ಹಾಕುವ ಹಳೇ ಮಿನಿಡಿವಿ ಹ್ಯಾಂಡಿಕ್ಯಾಮಿನ ಹಸಿರು ರಾತ್ರಿದೃಶ್ಯ ಚೆಂದ, ಆದರೆ ಕರಾವಳಿಗೆ ಅದು ಆಗಿಬರುವುದಿಲ್ಲ. ಏಸಿ ಕಾರಿನಿಂದ ಇಳಿಸಿದ ಕೂಡಲೇ ಒಳಗೆ ತೇವ ಕಟ್ಟಿ, ಟೇಪ್ ಅಂಟಿಕೊಳ್ಳದಿರಲೆಂದು ಯಂತ್ರವೇ ನಿಂತುಬಿಡುತ್ತದೆ. ಮತ್ತೆ ಓಡಲು ಒಂದು ತಾಸು ಬೇಕು. 60 ನಿಮಿಷದ ಟೇಪ್ ಕಂಪ್ಯೂಟರಿಗೆ ಇಳಿಸಲು 60 ನಿಮಿಷವೇ, ಅದೂ ಕಂಪ್ಯೂಟರಿನಲ್ಲಿ ಫೈರ್‌ವೈರ್ ಎಂಬ ಹಳೇ ಕೇಬಲ್ ಕಿಂಡಿ ಇದ್ದರೆ. ಕಥೆಯಲ್ಲಿ ಹಳೇ ಮದುವೆ ಕ್ಯಾಸೆಟ್ ಇದ್ದರಷ್ಟೇ ಈ ಗೋಳು ಸಾರ್ಥಕ.

ಗೆದ್ದದ್ದು ಸಿಸಿಟಿವಿ. ಅದನ್ನು ಯಾರೂ ಹಿಡಿದಿಲ್ಲ, ಹಾಗಾಗಿ ಓಡಿಹೋಗುವ ಪ್ರಶ್ನೆಯೇ ಇಲ್ಲ. ಚೌಕಟ್ಟು ಅಲುಗದಿದ್ದರೆ ನೋಡುವವರ ಕಣ್ಣೇ ಮೂಲೆ ಮೂಲೆ ಹುಡುಕುತ್ತದೆ. ಬಾಗಿಲನ್ನು ನಡುವೆ ಇಡದೆ ಅಂಚಿಗೆ ತಳ್ಳಿ, ಮೂವತ್ತು ಸೆಕೆಂಡ್ ಏನೂ ಆಗದಂತೆ ಬಿಡಿ. ಇದರ ಕುತ್ತು ಇನ್‌ಫ್ರಾರೆಡ್‌ನಲ್ಲಿದೆ, ಅಂದರೆ ಕತ್ತಲಲ್ಲಿ ನೋಡಲು ಕ್ಯಾಮೆರಾ ಚೆಲ್ಲುವ, ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ. ಪಕ್ಕದ ಸುಣ್ಣದ ಗೋಡೆ ಬೆಳಕನ್ನು ತಿರುಗಿಸಿ ಹೊಡೆದರೆ ಉಳಿದದ್ದೆಲ್ಲ ಕಪ್ಪಾಗುತ್ತದೆ. ಕ್ಯಾಮೆರಾವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ತನ್ನಿ. ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದರೆ ಬಿಳಿ ಹಗ್ಗದಂತೆ ಕಾಣುತ್ತದೆ. ನೈಲಾನ್ ನೂಲೂ ಹೊಳೆಯುತ್ತದೆ, ಅದಕ್ಕೆ ದೀಪದ ಮಸಿ ಸವರಿ. ನೂಲು ಎಳೆಯಲು ಕಪ್ಪು ಅಂಗಿ ಹಾಕಿ ಅಡಗಿದವರು ಬೂದಿ ಬಣ್ಣದಲ್ಲಿ ಎದ್ದು ಕಾಣುತ್ತಾರೆ; ಕಣ್ಣಿಗೆ ಕಪ್ಪಾದ ಎಷ್ಟೋ ಬಣ್ಣಗಳು ಇನ್‌ಫ್ರಾರೆಡ್‌ಗೆ ಕಪ್ಪಲ್ಲ. ಬಟ್ಟೆಯನ್ನು ಮೊದಲೇ ಕ್ಯಾಮೆರಾ ಮುಂದೆ ಹಿಡಿದು ನೋಡಿ.

ಅಂದಹಾಗೆ, ಈ ಊರಿನಲ್ಲಿ ದೈವವನ್ನು ದೆವ್ವ ಮಾಡಲು ಹೋಗಬೇಡಿ. ಜನ ಹೆದರುವುದಿಲ್ಲ, ಬೇಸರಪಡುತ್ತಾರೆ. ಬಾಗಿಲು ಸಾಕು.

ಆ ಬಾಗಿಲು ಮಳೆಗೆ ಉಬ್ಬಿರುತ್ತದೆ: ಎಳೆದರೆ ಮೊದಲು ಅಲುಗದು, ಆಮೇಲೆ ಒಮ್ಮೆಲೇ ದಡಕ್ಕೆಂದು ತೆರೆದು ಆಟ ಕೆಡಿಸುತ್ತದೆ. ಅಂಚಿಗೆ ಮೇಣದಬತ್ತಿ ಉಜ್ಜಿ. ತಿರುಗಣಿಗೆ ಎಣ್ಣೆ ಹಾಕಬೇಡಿ, ಆ ಕಿರ್ರೆನ್ನುವ ಸದ್ದು ಪುಕ್ಕಟೆ ಸಿಗುತ್ತದೆ.