ಜರ್ಮನಿ ಓದಿಗೆ ಬಳ್ಳಾರಿಯ ಸಲಹಾ ಕೇಂದ್ರ: ಕಾಗದಪತ್ರದಲ್ಲಿ ಪಕ್ಕಾ, ಸಲಹೆಯಲ್ಲಿ ಕಚ್ಚಾ

ಬಳ್ಳಾರಿ ನಗರದಲ್ಲಿರುವ ವಿದೇಶಿ ಶಿಕ್ಷಣ ಸಲಹಾ ಕೇಂದ್ರವೊಂದರ ಸೇವೆಯನ್ನು ಕುರಿತ ವಿಮರ್ಶೆ ಇದು. ಈ ಕೇಂದ್ರದ ಮೂಲಕ ನಾನು ಜರ್ಮನಿಯ ಸ್ಯಾಕ್ಸನಿ ರಾಜ್ಯದ ಫ್ರೈಬೆರ್ಗ್ ಪಟ್ಟಣಕ್ಕೆ ಸ್ನಾತಕೋತ್ತರ ಓದಿಗೆ ಬಂದು ಮೊದಲ ಚಳಿಗಾಲದ ಸೆಮಿಸ್ಟರ್ ಮುಗಿಸಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ; ರಾಯಚೂರು ಮತ್ತು ಕೊಪ್ಪಳದ ಕಡೆಯಿಂದ ಬೇರೆ ಕೇಂದ್ರಗಳ ಮೂಲಕ ಬಂದ ಗೆಳೆಯರ ಮಾತು ಕೇಳಿದರೆ ಎಲ್ಲ ಕಡೆಯ ಕಥೆಯೂ ಹೆಚ್ಚುಕಡಿಮೆ ಒಂದೇ. ಹೊಲವನ್ನೋ ಮನೆಯನ್ನೋ ಬ್ಯಾಂಕಿಗೆ ಅಡವಿಟ್ಟು ಮಕ್ಕಳನ್ನು ಕಳುಹಿಸಲು ಹೊರಟಿರುವ ಪಾಲಕರು ಮುಂಗಡ ಕಟ್ಟುವ ಮೊದಲು ಇದನ್ನು ಓದಿದರೆ ಸಾಕು.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಕಾಗದಪತ್ರದ ಕೆಲಸದಲ್ಲಿ ಈ ಕೇಂದ್ರದವರನ್ನು ಮೀರಿಸುವವರು ನಮ್ಮ ಭಾಗದಲ್ಲಿ ಕಡಿಮೆ. ನಮ್ಮ ಕಡೆಯ ಬಹಳಷ್ಟು ವಿದ್ಯಾರ್ಥಿಗಳಂತೆ ನನ್ನ ಹೆಸರೂ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇತ್ತು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ. ಅಡ್ಡಹೆಸರಿನ ಜಾಗ ಖಾಲಿಯಿದ್ದರೆ ಜರ್ಮನಿಯ ಅರ್ಜಿಗಳಲ್ಲಿ ತೊಡಕಾಗುತ್ತದೆ. ಕೇಂದ್ರದ ಮೇಡಂ ಮೊದಲ ದಿನವೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರುಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಬೇರೆ ಯಾವ ಅರ್ಜಿಗೂ ಕೈ ಹಾಕುವ ಮುನ್ನ ನೋಟರಿ ಅಫಿಡವಿಟ್ ಮಾಡಿಸಿ ಪಾಸ್‌ಪೋರ್ಟ್ ತಿದ್ದಿಸಿದರು. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಕಡ್ಡಾಯವಾಗಿರುವ ಎ.ಪಿ.ಎಸ್. ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ಪದವಿಗಳು ಅಸಲಿಯೆಂದು ಜರ್ಮನಿಯ ಕಡೆಯವರು ಪರಿಶೀಲಿಸಿ ಕೊಡುವ ಪತ್ರ) ನನಗೆ ಒಂದೂ ಆಕ್ಷೇಪಣೆಯಿಲ್ಲದೆ ಬಂದದ್ದು ಈ ಮುತುವರ್ಜಿಯಿಂದಲೇ. ವೀಸಾ ಅರ್ಜಿಗೆಂದು ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತುವ ಹೊತ್ತಿಗೆ ನನ್ನ ಫೈಲಿನಲ್ಲಿ ಕಾಗದಗಳು ಕೌಂಟರ್‌ನಲ್ಲಿ ಕೇಳುವ ಕ್ರಮದಲ್ಲಿಯೇ ಜೋಡಣೆಯಾಗಿದ್ದವು.

ಅಂಕಗಳ ವಿಚಾರದಲ್ಲಿಯೂ ಅವರು ಪ್ರಾಮಾಣಿಕರು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸಾಗಲು ಬೇಕಾದ ಕನಿಷ್ಠ ದರ್ಜೆ. ನಮ್ಮ ಸಿ.ಜಿ.ಪಿ.ಎ.ಯನ್ನು ಆ ಅಳತೆಗೆ ತರಲು ಬವೇರಿಯಾ ಸೂತ್ರ ಎಂಬ ಲೆಕ್ಕವಿದೆ. ಹತ್ತರಲ್ಲಿ 8 ಬಂದಿದ್ದು, ಪಾಸಾಗಲು 4 ಬೇಕು ಎಂದಾದರೆ ಅದು 2.0 ಆಗುತ್ತದೆ. ಇದನ್ನು ನಮ್ಮೆದುರೇ ಕಾಗದದ ಮೇಲೆ ಬಿಡಿಸಿ ತೋರಿಸಿ, ಎಲ್ಲಿ ಸೀಟು ಸಿಗಬಹುದು, ಎಲ್ಲಿ ಅರ್ಜಿ ಹಾಕುವುದೇ ದಂಡ ಎಂದು ನೇರವಾಗಿ ಹೇಳಿದರು.

ಆದರೆ ವಿಶ್ವವಿದ್ಯಾಲಯಗಳ ಪಟ್ಟಿ ಕೈಗೆ ಬಂದಾಗ ಈ ಪ್ರಾಮಾಣಿಕತೆ ಸಡಿಲವಾಯಿತು. ಪಟ್ಟಿಯ ಮೇಲ್ಭಾಗದಲ್ಲಿ ಇದ್ದವುಗಳಲ್ಲಿ ಹೆಚ್ಚಿನವು ದೊಡ್ಡ ನಗರಗಳ ಶುಲ್ಕ ವಸೂಲಿಯ ಖಾಸಗಿ ಸಂಸ್ಥೆಗಳು. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದನ್ನು ನಾವೇ ಕೇಳಿದ ಮೇಲೆ ಒಪ್ಪಿಕೊಂಡರು. ಸಂಡೂರಿನ ಗಣಿಯಲ್ಲಿ ಸರ್ವೇಯರ್ ಆಗಿರುವ ನಮ್ಮ ದೊಡ್ಡಪ್ಪ ಫ್ರೈಬೆರ್ಗ್‌ನ ಹೆಸರು ಹೇಳದೇ ಇದ್ದಿದ್ದರೆ ಆ ಪಟ್ಟಿಯಲ್ಲಿ ಅದು ಸೇರುತ್ತಲೇ ಇರಲಿಲ್ಲ. 1765ರಲ್ಲಿ ಸ್ಥಾಪನೆಯಾದ, ಗಣಿ ಮತ್ತು ಲೋಹ ವಿದ್ಯೆಗೆ ಮೀಸಲಾಗಿ ಬೆಳೆದ, ಇಂಡಿಯಮ್ ಮತ್ತು ಜರ್ಮೇನಿಯಮ್ ಎಂಬ ಎರಡು ಮೂಲಧಾತುಗಳನ್ನು ಮೊದಲು ಕಂಡುಹಿಡಿದ ಊರಿನ ವಿಶ್ವವಿದ್ಯಾಲಯ ಇದು; ಪಾಠಕ್ಕೆಂದೇ ಇಲ್ಲಿ ನಿಜವಾದ ಹಳೆಯ ಬೆಳ್ಳಿ ಗಣಿಯೊಂದಿದ್ದು, ಹೆಲ್ಮೆಟ್ ಧರಿಸಿ ಲಿಫ್ಟಿನಲ್ಲಿ 150 ಮೀಟರ್ ಆಳಕ್ಕೆ ಇಳಿದು ಬಂಡೆಯ ಪದರನ್ನು ಕೈಯಿಂದ ಮುಟ್ಟಿ ನೋಡಬಹುದು. ಅದಿರಿನ ಲಾರಿಗಳ ಧೂಳು ಕುಡಿದು ಬೆಳೆದ ಬಳ್ಳಾರಿ ಜಿಲ್ಲೆಯ ಹುಡುಗರಿಗೆ ಇದಕ್ಕಿಂತ ಹೊಂದುವ ಜಾಗ ಇನ್ನಾವುದಿದೆ? ಕೇಂದ್ರದವರು ಕೊನೆಗೆ ಅದನ್ನು ಸೇರಿಸಿದರಾದರೂ ಅದರ ಮುಂದೆ ಬರೆದದ್ದು ಫ್ರೈಬುರ್ಗ್‌ನ ಶುಲ್ಕ. ಫ್ರೈಬುರ್ಗ್ ಇರುವುದು ದೇಶದ ಇನ್ನೊಂದು ಮೂಲೆಯ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ. ಅಲ್ಲಿ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಹಣ ಪಡೆದು ಸಲಹೆ ಕೊಡುವವರು ಈ ಎರಡು ಊರುಗಳನ್ನು ಬೆರೆಸಬಾರದು.

ನನ್ನ ದೊಡ್ಡ ತಕರಾರು ದುಡಿಮೆಯ ಕುರಿತ ಮಾತಿಗೆ ಸಂಬಂಧಿಸಿದ್ದು. "ಸರ್, ನಿಮ್ಮ ಹುಡುಗ ವಾರಕ್ಕೆ ಇಪ್ಪತ್ತು ತಾಸು ದುಡಿದರೆ ಸಾಲದ ಕಂತನ್ನು ತಾನೇ ಕಟ್ಟಿಕೊಳ್ಳುತ್ತಾನೆ, ನೀವು ಚಿಂತೆ ಮಾಡಬೇಡಿ" ಎಂದು ಅವರು ನಮ್ಮ ಅಪ್ಪನಿಗೆ ಹೇಳಿದರು. ಕಾನೂನು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಬಿಡುತ್ತದೆ ಎಂಬುದು ನಿಜ. ಆದರೆ ಸುಮಾರು ನಲವತ್ತು ಸಾವಿರ ಜನರಿರುವ ಪಟ್ಟಣದಲ್ಲಿ, ಜರ್ಮನ್ ಮಾತನಾಡಲು ಬಾರದವನಿಗೆ, ಮೊದಲ ಸೆಮಿಸ್ಟರ್‌ನಲ್ಲಿಯೇ ಕೆಲಸ ಯಾರು ಕೊಡುತ್ತಾರೆ? ಕೆಲಸಕ್ಕೆಂದು ರೈಲಿನಲ್ಲಿ ಡ್ರೆಸ್ಡೆನ್‌ಗೆ ಓಡಾಡುವ ಗೆಳೆಯರು ಗಳಿಸಿದ್ದು ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ; ಬಳ್ಳಾರಿಯ ಬ್ಯಾಂಕಿಗೆ ಕಳುಹಿಸುವಷ್ಟು ಉಳಿಯುವುದಿಲ್ಲ. ವೀಸಾಕ್ಕಾಗಿ ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಗೊತ್ತಾದಷ್ಟೇ ಹಣ ತೆಗೆಯಲು ಬಿಡುವ ಬ್ಯಾಂಕ್ ಖಾತೆ) ಇಡಬೇಕಾದ 11,904 ಯೂರೋ, ಅಂದರೆ ತಿಂಗಳಿಗೆ ಕೈಗೆ ಬರುವ 992 ಯೂರೋ, ಮೊದಲ ವರ್ಷದ ಜೀವನಕ್ಕೆ ಪೂರ್ತಿ ಖರ್ಚಾಗುವ ಹಣ ಎಂದೇ ಪಾಲಕರು ತಿಳಿಯಬೇಕು. ಸಾಲ, ವಿಮೆ, ಬ್ಲಾಕ್ಡ್ ಖಾತೆ ಮೂರಕ್ಕೂ ಕೇಂದ್ರದವರೇ ಒಂದೊಂದು ಕಂಪನಿ ಸೂಚಿಸುತ್ತಾರೆ. ಅದರಲ್ಲಿ ಅವರಿಗೆ ಕಮಿಷನ್ ಇದ್ದರೆ ಇರಲಿ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಧರ್ಮ.

ವಸತಿಯ ಬಗ್ಗೆ ಅವರು ಕೊಟ್ಟ ಸಲಹೆ ಇನ್ನೂ ಕೆಟ್ಟದ್ದು. "ಹೋದ ಮೇಲೆ ಹಾಸ್ಟೆಲ್ ಸಿಗುತ್ತದೆ" ಎಂಬುದು ಅವರ ಸಿದ್ಧ ಉತ್ತರ. ಇಲ್ಲಿ ವಿದ್ಯಾರ್ಥಿ ನಿಲಯಗಳನ್ನು ನಡೆಸುವುದು ವಿಶ್ವವಿದ್ಯಾಲಯವಲ್ಲ, ಸ್ಟುಡಿರೆಂಡನ್‌ವೆರ್ಕ್ ಎಂಬ ಪ್ರತ್ಯೇಕ ಸಂಸ್ಥೆ. ಪ್ರವೇಶಪತ್ರ ಬಂದ ಕೂಡಲೇ ಅಲ್ಲಿಗೆ ಬೇರೆ ಅರ್ಜಿ ಹಾಕಿ ಸರದಿಯಲ್ಲಿ ನಿಲ್ಲಬೇಕು. ನನಗೆ ಇದನ್ನು ಹೇಳಿದ್ದು ಹಿರಿಯ ವಿದ್ಯಾರ್ಥಿಯೊಬ್ಬರು, ಕೇಂದ್ರವಲ್ಲ. ಸಿಂಧನೂರಿನ ಗೆಳೆಯನೊಬ್ಬ ತನ್ನ ಕೇಂದ್ರದವರ ಇಂಥದ್ದೇ ಮಾತನ್ನು ನಂಬಿ ಬಂದು ತಾತ್ಕಾಲಿಕ ಕೋಣೆಯಲ್ಲಿ ಉಳಿದುಕೊಂಡ. ಆ ಮನೆಯ ಮಾಲೀಕ ವಾಸದ ದೃಢೀಕರಣ ಪತ್ರ ಕೊಡಲಿಲ್ಲ. ಆ ಪತ್ರವಿಲ್ಲದೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿಯಾಗದು, ನೋಂದಣಿಯಿಲ್ಲದೆ ಮುಂದಿನ ಕೆಲಸಗಳೆಲ್ಲ ಒಂದರ ಹಿಂದೊಂದು ನಿಂತುಹೋಗುತ್ತವೆ. ಇದಕ್ಕಿಂತ ಸಣ್ಣದಾದ, ಆದರೆ ಅಷ್ಟೇ ಕಾಡುವ ಸಂಗತಿ ಅಂಚೆಪೆಟ್ಟಿಗೆ. ತೆರಿಗೆ ಸಂಖ್ಯೆ, ಆರೋಗ್ಯ ವಿಮೆಯ ಕಾರ್ಡ್, ಬ್ಯಾಂಕ್ ಕಾರ್ಡ್, ಅದರ ಪಿನ್ ಎಲ್ಲವೂ ಇಲ್ಲಿ ಬೇರೆ ಬೇರೆ ಲಕೋಟೆಗಳಲ್ಲಿ ಅಂಚೆಯ ಮೂಲಕ ಬರುತ್ತವೆ. ಪೆಟ್ಟಿಗೆಯ ಮೇಲೆ ನಮ್ಮ ಹೆಸರಿನ ಚೀಟಿ ಅಂಟಿಸಿರದಿದ್ದರೆ ಕೋಣೆ ಸಂಖ್ಯೆ ಸರಿಯಿದ್ದರೂ ಅಂಚೆಯವರು ಪತ್ರವನ್ನು ಹಾಕದೆ ಹಿಂದಿರುಗಿಸುತ್ತಾರೆ. ಪ್ರೆಷರ್ ಕುಕ್ಕರ್‌ನ ಗಾತ್ರದವರೆಗೂ ವಿವರ ಕೊಟ್ಟಿದ್ದ ಕೇಂದ್ರದ ಸಾಮಾನು ಪಟ್ಟಿಯ ಜೊತೆ ಈ ಒಂದು ಸಾಲು ಇರಬೇಕಾಗಿತ್ತು.

ಕೇಂದ್ರದ ಇಡೀ ಪ್ಯಾಕೇಜಿನಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲದ ಭಾಗ ಸಂಜೆಯ ಜರ್ಮನ್ ತರಗತಿ. ಕೋರ್ಸ್ ಇಂಗ್ಲಿಷ್ ಮಾಧ್ಯಮದ್ದಾದ್ದರಿಂದ ಭಾಷೆ ಬೇಕಿಲ್ಲವೆಂದು ಕೌಂಟರ್‌ನಲ್ಲಿ ಹೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಕಲಿಸುವ ಶಿಕ್ಷಕಿ ಆ ಮಾತನ್ನು ಒಪ್ಪುತ್ತಿರಲಿಲ್ಲ. ಎ1 ಎಂಬ ಆರಂಭಿಕ ಹಂತದ ಪುಸ್ತಕವನ್ನು ಪಕ್ಕಕ್ಕಿಟ್ಟು ಅವರು ವಿಳಾಸ ನೋಂದಣಿಯ ಅರ್ಜಿಯ ನಕಲನ್ನೇ ಕೈಗೆ ಕೊಟ್ಟು ತುಂಬಿಸಿದರು, ದೂರವಾಣಿಯಲ್ಲಿ ವೈದ್ಯರ ಅಪಾಯಿಂಟ್‌ಮೆಂಟ್ ಕೇಳುವ ಅಭ್ಯಾಸ ಮಾಡಿಸಿದರು, ಗಡಿಯಾರದ ಹೊತ್ತು ಹೇಳುವುದನ್ನು ಬೇಸರವಾಗುವಷ್ಟು ಸಲ ಹೇಳಿಸಿದರು. ಫ್ರೈಬೆರ್ಗ್‌ನ ನಗರ ಕಚೇರಿಯಲ್ಲಿ ನನ್ನ ಎದುರಿಗೆ ಕುಳಿತ ಮಹಿಳೆ ಇಂಗ್ಲಿಷ್‌ನ ಒಂದು ಪದವನ್ನೂ ಆಡಲಿಲ್ಲ, ಆದರೂ ಕೆಲಸ ನಡೆಯಿತು. ತರಗತಿಯಲ್ಲಿ ಬಾರದೇ ಉಳಿದದ್ದು ಸ್ಯಾಕ್ಸನಿಯವರ ಉಚ್ಚಾರಣೆ ಮಾತ್ರ. ಅದು ಇಲ್ಲಿಗೆ ಬರುವ ಬರ್ಲಿನ್‌ನವರಿಗೂ ಕಷ್ಟವಂತೆ.

ಬಂದ ಮೇಲಿನ ಸಹಾಯ ಎಂದು ಕೇಂದ್ರದವರು ತಮ್ಮ ಕರಪತ್ರದಲ್ಲಿ ಅಚ್ಚು ಹಾಕಿಸಿರುವುದು ಒಂದು ವಾಟ್ಸಾಪ್ ಗುಂಪು. ಪರೀಕ್ಷೆಗೆ ಇಲ್ಲಿ ನಾವೇ ಅವಧಿಯೊಳಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು ಎಂಬಂಥ ಮುಖ್ಯ ವಿಷಯ ಆ ಗುಂಪಿನಲ್ಲಿ ಬಂದದ್ದು ಸಹ ವಿದ್ಯಾರ್ಥಿಗಳಿಂದ, ಕೇಂದ್ರದಿಂದಲ್ಲ.

ಪೂರ್ಣ ಪ್ಯಾಕೇಜಿಗೆ ಅವರು ಕೇಳುವುದು ಐವತ್ತು ಸಾವಿರ ರೂಪಾಯಿಗೂ ಮೇಲ್ಪಟ್ಟು, ಎ.ಪಿ.ಎಸ್., ವೀಸಾ ಮತ್ತು ಅರ್ಜಿಯ ಶುಲ್ಕಗಳು ಅದರಲ್ಲಿ ಸೇರಿಲ್ಲ. ಅಷ್ಟು ಕೊಡುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ದಾಖಲೆ ಪರಿಶೀಲನೆ ಮತ್ತು ವೀಸಾ ಫೈಲಿನ ಜೋಡಣೆಯನ್ನು ಮಾತ್ರ ಬೇರೆಯಾಗಿ, ಕಡಿಮೆ ದರಕ್ಕೆ ಮಾಡಿಕೊಡುತ್ತಾರೆ. ಅದನ್ನು ತೆಗೆದುಕೊಳ್ಳಬಹುದು, ಜರ್ಮನ್ ತರಗತಿಗೂ ಸೇರಬಹುದು. ವಿಶ್ವವಿದ್ಯಾಲಯದ ಆಯ್ಕೆ, ಶುಲ್ಕದ ವಿವರ, ವಸತಿ ಈ ಮೂರನ್ನು ಆಯಾ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿಯೇ ನೋಡಿಕೊಳ್ಳುವುದು ಲೇಸು. ಮುಂಗಡ ಕಟ್ಟುವವರು ವೀಸಾ ತಿರಸ್ಕೃತವಾದರೆ ಎಷ್ಟು ಹಣ, ಎಷ್ಟು ದಿನದೊಳಗೆ ಮರಳುತ್ತದೆ ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಂಡು ಮೊಹರು ಹಾಕಿಸಿಕೊಳ್ಳಬೇಕು. ನಾವು ಕೇಳಿದಾಗ ಅವರು ತಕರಾರಿಲ್ಲದೆ ಬರೆದುಕೊಟ್ಟರು.