ಪಂಟ್ ಪಾಠ ಸೂಪರ್, ಕ್ವಿಜ್ ನಂಬಬೇಡಿ: ಒಂದು ಫುಟ್‌ಬಾಲ್ ರೂಲ್ಸ್ ಆ್ಯಪ್ ಕಥೆ

ಅಮೆರಿಕನ್ ಫುಟ್‌ಬಾಲ್ ನೋಡಲು ಶುರು ಮಾಡಿ ಮೂರು ಸೀಸನ್ ಆಯಿತು. ಟಚ್‌ಡೌನ್, ಫಸ್ಟ್ ಡೌನ್, ಫೀಲ್ಡ್ ಗೋಲ್ ಎಲ್ಲ ತಲೆಗೆ ಹೋಗಿದೆ. ಹೋಗದೇ ಉಳಿದಿದ್ದು ಚೆಂಡನ್ನು ದೂರ ಒದೆಯುವ ಪಂಟ್ ಒಂದೇ. ಚೆಂಡು ನೆಲದ ಮೇಲೆ ಉರುಳುತ್ತಿರುತ್ತದೆ, ಅದನ್ನು ಒದ್ದ ತಂಡದ ನಾಲ್ಕು ಜನ ಸುತ್ತ ನಿಂತು ಹಾವು ಕಂಡವರ ಹಾಗೆ ಬಗ್ಗಿ ನೋಡುತ್ತಿರುತ್ತಾರೆ, ಎದುರು ತಂಡದವನು ಎರಡೂ ಕೈ ಬೀಸುತ್ತಾ ದೂರ ಓಡುತ್ತಾನೆ. ಕೋಟಿಗಟ್ಟಲೆ ಸಂಬಳದ ಆಟಗಾರರು ಒಂದು ಚೆಂಡಿಗೆ ಇಷ್ಟು ಹೆದರುವುದು ಯಾಕೆ ಅಂತ ಭಾವನನ್ನು ಕೇಳಿದರೆ, "ಸುಮ್ನೆ ನೋಡು, ತಾನಾಗೇ ಗೊತ್ತಾಗತ್ತೆ" ಅಂದರು. ಗೊತ್ತಾಗಲಿಲ್ಲ.

ಹಾಗಾಗಿ ರೂಲ್ಸ್ ಕಲಿಸುವ ಒಂದು ಆ್ಯಪ್ ಹಾಕಿಕೊಂಡೆ. ಒಂದು ತಿಂಗಳ ಪೇಯ್ಡ್ ಪ್ಲಾನ್. ಹೆಸರು ಬರೆಯುತ್ತಿಲ್ಲ, ಸಣ್ಣ ತಂಡ ಮಾಡಿರುವ ಆ್ಯಪ್, ತಪ್ಪುಗಳನ್ನು ಅವರಿಗೇ ಬರೆದು ಕಳಿಸಿದ್ದೇನೆ. ಬಳಸುತ್ತಿರುವವರಿಗೆ ಯಾವುದು ಅಂತ ಎರಡು ಪ್ಯಾರಾದಲ್ಲೇ ಗೊತ್ತಾಗುತ್ತದೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಪಂಟ್ ಪಾಠದ ಅನಿಮೇಷನ್ ನಿಜಕ್ಕೂ ಚೆನ್ನಾಗಿದೆ. ಮೈದಾನವನ್ನು ಮೇಲಿಂದ ತೋರಿಸುತ್ತದೆ, ಚೆಂಡನ್ನು ಬೆರಳಲ್ಲಿ ಎಳೆದು ಎಲ್ಲಿ ಬೇಕೋ ಅಲ್ಲಿ ಬಿಡಬಹುದು, ಯಾರು ಮುಟ್ಟಿದರೆ ಏನಾಗುತ್ತದೆ ಅಂತ ಅಲ್ಲೇ ತೋರಿಸುತ್ತದೆ. ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಅವಕಾಶದಲ್ಲಿ, ದಾರಿ ಕಾಣದ ತಂಡ ಚೆಂಡನ್ನು ದೂರ ಒದ್ದು ಎದುರು ತಂಡಕ್ಕೆ ಬಿಟ್ಟುಕೊಡುವುದೇ ಪಂಟ್ ಅಲ್ವಾ? ಅಂದರೆ ಚೆಂಡು ಈಗ ಹೆಚ್ಚುಕಡಿಮೆ ಎದುರು ತಂಡದ್ದು. ಒದ್ದ ತಂಡದವರು ಅದನ್ನು ಮುಟ್ಟಬಹುದು, ಹಿಡಿದು ನಿಲ್ಲಿಸಬಹುದು. ಆದರೆ ಎದುರು ತಂಡದವರು ಯಾರೂ ಮುಟ್ಟದೇ ಇದ್ದರೆ ಅದನ್ನು ತಮ್ಮದು ಮಾಡಿಕೊಳ್ಳುವ ಹಾಗಿಲ್ಲ. ಹೀಗೆ ಹಿಡಿದು ನಿಲ್ಲಿಸುವುದನ್ನೇ ಡೌನ್ ಮಾಡುವುದು ಅನ್ನುತ್ತಾರೆ. ಚೆಂಡು ಅಲ್ಲಿಗೆ ಸತ್ತಿತು, ಎದುರು ತಂಡ ಅಲ್ಲಿಂದಲೇ ಆಟ ಶುರು ಮಾಡಬೇಕು. ಹಾಗಾಗಿ ಆ ನಾಲ್ಕು ಜನ ಬಗ್ಗಿ ನೋಡುತ್ತಿದ್ದದ್ದು ಹೆದರಿಕೆಯಿಂದಲ್ಲ, ಲೆಕ್ಕಾಚಾರದಿಂದ. ಚೆಂಡು ಇನ್ನೂ ಎರಡು ಯಾರ್ಡ್ ಮುಂದಕ್ಕೆ ಉರುಳಿದರೆ ಎರಡು ಯಾರ್ಡ್ ಲಾಭ, ಹಾಗೇ ಉರುಳಿ ಗೋಲ್ ಲೈನ್ ಆಚೆಗಿನ ಎಂಡ್ ಝೋನ್ ಒಳಗೆ ಹೋಯಿತೋ ಟಚ್‌ಬ್ಯಾಕ್, ಅಂದರೆ ಎದುರು ತಂಡಕ್ಕೆ 20 ಯಾರ್ಡ್ ಗೆರೆಯಿಂದ (ಗೋಲ್ ಲೈನ್‌ನಿಂದ 20 ಯಾರ್ಡ್ ದೂರ) ಆಟ.

ಒಬ್ಬ ಓಡುತ್ತಾ ಬಂದು ಗೋಲ್ ಲೈನ್ ಮೇಲಿಂದ ಹಾರಿ, ಗಾಳಿಯಲ್ಲೇ ಚೆಂಡನ್ನು ಹಿಂದಕ್ಕೆ ತಟ್ಟುವ ಸೀನ್ ಇದೆಯಲ್ಲ, ಅದನ್ನು ಈ ಆ್ಯಪ್ ಸ್ಲೋ ಮೋಷನ್‌ನಲ್ಲಿ ತೋರಿಸುತ್ತದೆ. ಕಾಲು ಇನ್ನೂ ಎಂಡ್ ಝೋನ್ ನೆಲಕ್ಕೆ ತಾಗಿಲ್ಲ, ಕೈ ಚೆಂಡಿಗೆ ತಾಗಿತು, ಚೆಂಡು 2 ಯಾರ್ಡ್ ಹತ್ತಿರ ವಾಪಸ್ ಬಿತ್ತು. ಇದು ಸರಿ. ಅದೇ ಶೂ ತುದಿ ಗೋಲ್ ಲೈನ್ ಮುಟ್ಟಿದ್ದಾಗ ಕೈ ತಾಗಿದರೆ ಟಚ್‌ಬ್ಯಾಕ್. ಶೂ ತುದಿ ಗೆರೆಗೆ ತಾಗಿದ ಕ್ಷಣ ಪರದೆ ಕೆಂಪಾಗುತ್ತದೆ. ನಾನು ಅದನ್ನೇ ಹತ್ತು ಸಲ ನೋಡಿದ್ದೇನೆ, ಈ ಒಂದು ಪಾಠಕ್ಕೇ ದುಡ್ಡು ವಸೂಲ್.

ಇನ್ನು ಮಫ್. ಎದುರು ತಂಡದವನು ಹಿಡಿಯಲು ಹೋಗಿ ಚೆಂಡು ಕೈ ಜಾರಿದರೆ, ಅಥವಾ ಗೊತ್ತೇ ಇಲ್ಲದೆ ಅವನ ಮೈಗೆ ಚೆಂಡು ಸವರಿಕೊಂಡು ಹೋದರೂ ಸಾಕು, ಕಥೆ ಉಲ್ಟಾ. ಈಗ ಒದ್ದ ತಂಡ ಚೆಂಡು ಹಿಡಿದರೆ ಚೆಂಡು ಅವರದ್ದೇ. ಆದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮಫ್ ಆದ ಚೆಂಡನ್ನು ಎತ್ತಿಕೊಂಡು ಓಡುವ ಹಾಗಿಲ್ಲ, ಹಿಡಿದಲ್ಲೇ ನಿಂತಿತು. ಎದುರು ತಂಡದವನು ಸರಿಯಾಗಿ ಹಿಡಿದು ಆಮೇಲೆ ಬೀಳಿಸಿದರೆ ಅದು ಫಂಬಲ್, ಆಗ ಓಡಬಹುದು. ಪಂಟ್ ಹಿಡಿಯಲು ನಿಂತ ರಿಟರ್ನರ್ ಕೈ ಬೀಸಿ ದೂರ ಓಡುವುದು, "ಪೀಟರ್, ಪೀಟರ್" ಅಂತ ತನ್ನವರಿಗೆ ಕೂಗುವುದು ಎಲ್ಲ ಇದಕ್ಕೇ: ಯಾರೂ ಚೆಂಡಿನ ಹತ್ತಿರ ಹೋಗಬೇಡಿ ಅಂತ.

ಇಲ್ಲಿ ಆ್ಯಪ್ ಒಂದೇ ಒಂದು ನಿಜವಾದ ಪಂದ್ಯದ ಉದಾಹರಣೆಯನ್ನೂ ಕೊಟ್ಟಿಲ್ಲ, ದೊಡ್ಡ ಕೊರತೆ. ನಾನೇ ಹುಡುಕಿ ನೋಡಿದೆ. 2012ರ ಜನವರಿ 22, ಎನ್‌ಎಫ್‌ಸಿ (ಎನ್‌ಎಫ್‌ಎಲ್‌ನ ಎರಡು ಗುಂಪುಗಳಲ್ಲಿ ಒಂದು) ಫೈನಲ್. ಸ್ಯಾನ್ ಫ್ರಾನ್ಸಿಸ್ಕೊ 14-10 ಮುಂದಿತ್ತು. ನ್ಯೂಯಾರ್ಕ್ ಜೈಂಟ್ಸ್ ಪಂಟ್ ಮಾಡಿತು, ಸ್ಯಾನ್ ಫ್ರಾನ್ಸಿಸ್ಕೊದ ಕೈಲ್ ವಿಲಿಯಮ್ಸ್ ಚೆಂಡನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದ, ಪುಟಿದ ಚೆಂಡು ಅವನ ಮೊಣಕಾಲನ್ನು ಸವರಿತು. ಬರಿಗಣ್ಣಿಗೆ ಕಾಣುವುದೇ ಕಷ್ಟ. ಜೈಂಟ್ಸ್‌ನ ಡೆವಿನ್ ಥಾಮಸ್ ಬಂದು ಚೆಂಡು ಬಾಚಿಕೊಂಡ, ಅದರಿಂದ ಜೈಂಟ್ಸ್‌ಗೆ ಟಚ್‌ಡೌನ್. ಓವರ್‌ಟೈಮ್‌ನಲ್ಲಿ ವಿಲಿಯಮ್ಸ್ ಇನ್ನೊಂದು ಪಂಟ್ ಹಿಡಿದು ಓಡುವಾಗ ಚೆಂಡು ಬೀಳಿಸಿದ, ಅದೂ ಥಾಮಸ್ ಕೈಗೇ ಸಿಕ್ಕಿತು. ಜೈಂಟ್ಸ್ 20-17. ಒಂದೇ ಪಂದ್ಯದಲ್ಲಿ ಮಫ್ ಮತ್ತು ಫಂಬಲ್ ಎರಡೂ ಇದೆ, ಪಾಠಕ್ಕೆ ಇದಕ್ಕಿಂತ ಏನು ಬೇಕು ಹೇಳಿ.

ಇನ್ನೊಂದು ಇದಕ್ಕಿಂತ ವಿಚಿತ್ರ. 2021ರ ನವೆಂಬರ್ 7, ಡಲ್ಲಾಸ್ ಕೌಬಾಯ್ಸ್ ತಂಡ ಡೆನ್ವರ್ ಬ್ರಾಂಕೋಸ್‌ನ ಪಂಟನ್ನು ಬ್ಲಾಕ್ ಮಾಡಿತು. ಎಲ್ಲರೂ ಕುಣಿಯುತ್ತಿದ್ದಾರೆ. ಆದರೆ ಚೆಂಡು ಆಟ ಶುರುವಾದ ಗೆರೆ ದಾಟಿ ಉರುಳಿತು, ಅಲ್ಲಿ ಡಲ್ಲಾಸ್‌ನ ನಾಶಾನ್ ರೈಟ್ ಹಿಡಿಯಲು ಹೋಗಿ ಅದನ್ನು ಮುಟ್ಟಿದ, ಆದರೆ ಕೈಗೆ ಸಿಗಲಿಲ್ಲ, ಡೆನ್ವರ್ ಎತ್ತಿಕೊಂಡಿತು. ಡೆನ್ವರ್‌ಗೆ ಫಸ್ಟ್ ಡೌನ್! ಪಂಟ್ ಬ್ಲಾಕ್ ಆದ ತಂಡಕ್ಕೇ ಚೆಂಡು ವಾಪಸ್. ರೈಟ್ ಸುಮ್ಮನೆ ನಿಂತಿದ್ದರೆ ಚೆಂಡು ಡಲ್ಲಾಸ್‌ದೇ ಆಗಿರುತ್ತಿತ್ತು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಪಾಠ ಮುಗಿದ ಮೇಲೆ ಕ್ವಿಜ್ ಇದೆ. ಹನ್ನೊಂದನೇ ಪ್ರಶ್ನೆ ಹೀಗಿದೆ: ಒದ್ದ ತಂಡದವನು 8 ಯಾರ್ಡ್ ಗೆರೆಯಲ್ಲಿ ಚೆಂಡನ್ನು ಮೊದಲು ಮುಟ್ಟಿದ, ಆದರೆ ಹಿಡಿಯಲಿಲ್ಲ. ಎದುರು ತಂಡದವನು ಅದನ್ನು ಎತ್ತಿಕೊಂಡು 15ರ ತನಕ ಓಡಿ ಬೀಳಿಸಿದ. ಒದ್ದ ತಂಡ ಹಿಡಿಯಿತು. ಪೆನಾಲ್ಟಿ ಯಾವುದೂ ಇಲ್ಲ. ಚೆಂಡು ಯಾರದ್ದು?

ಆ್ಯಪ್ ಪ್ರಕಾರ ಒದ್ದ ತಂಡದ್ದು. ನಾನೂ ಅದನ್ನೇ ನಂಬಿದ್ದೆ. ಭಾನುವಾರ ಪಂದ್ಯ ನೋಡುವಾಗ ಹೆಚ್ಚುಕಡಿಮೆ ಇಂಥದ್ದೇ ಪ್ರಸಂಗ ಬಂತು, ಜಂಭದಿಂದ ಹೇಳಿದೆ, ಭಾವನ ಜತೆ ಪಾತ್ರೆ ತೊಳೆಯುವ ಬೆಟ್ ಕಟ್ಟಿ ಸೋತೆ. ಸರಿಯಾದ ಉತ್ತರ ಎದುರು ತಂಡ, 8 ಯಾರ್ಡ್ ಗೆರೆಯಿಂದ. ಒದ್ದ ತಂಡದವನು ಮೊದಲು ಮುಟ್ಟಿದ ಮಾತ್ರಕ್ಕೆ ಚೆಂಡು ಸಾಯುವುದಿಲ್ಲ, ಆಟ ನಡೆಯುತ್ತಲೇ ಇರುತ್ತದೆ. ಆದರೆ ಮುಟ್ಟಿದ ಜಾಗ ಎದುರು ತಂಡದ ಜೇಬಿಗೆ ಬಿತ್ತು. ಆಟ ಮುಗಿದ ಮೇಲೆ ಬೇಕಾದರೆ ಆ ಜಾಗ, ಬೇಡವಾದರೆ ಆಟ ನಿಂತ ಜಾಗ, ಯಾವುದು ಲಾಭವೋ ಅದು. ಅದಕ್ಕೇ ಅಂಪೈರ್‌ಗಳು ಮುಟ್ಟಿದ ಜಾಗಕ್ಕೆ ಸೊಂಟದಿಂದ ಒಂದು ಪುಟ್ಟ ಬೀನ್ ಬ್ಯಾಗ್ ತೆಗೆದು ಎಸೆಯುತ್ತಾರೆ. ಅಷ್ಟು ದಿನ ಅದು ಯಾರದ್ದೋ ಕರ್ಚೀಫು ಬಿತ್ತು ಅಂದುಕೊಂಡಿದ್ದೆ. ಜಾಣ ರಿಟರ್ನರ್ ಅದನ್ನು ನೋಡಿಯೇ ಚೆಂಡು ಎತ್ತಿಕೊಂಡು ಓಡುವುದು, ಕಳೆದುಕೊಳ್ಳಲು ಹೆಚ್ಚೇನೂ ಇಲ್ಲವಲ್ಲ.

ನನಗೆ ಸಿಟ್ಟು ಬಂದಿದ್ದು ತಪ್ಪಿಗಲ್ಲ. ಇದೇ ಆ್ಯಪ್‌ನ ಅನಿಮೇಷನ್‌ನಲ್ಲಿ ಆ ಬೀನ್ ಬ್ಯಾಗ್ ಬೀಳುವುದನ್ನು ಸರಿಯಾಗೇ ತೋರಿಸಿದ್ದಾರೆ! ಪಾಠ ಮಾಡಿದವರೊಬ್ಬರು, ಕ್ವಿಜ್ ಬರೆದವರು ಇನ್ನೊಬ್ಬರು ಇರಬೇಕು. ಇನ್ನೊಂದು ಕಡೆ, ಗಾಳಿಯಲ್ಲಿರುವ ಚೆಂಡು ಗೋಲ್ ಲೈನ್ ದಾಟಿದ ಕೂಡಲೇ ಟಚ್‌ಬ್ಯಾಕ್ ಅಂತ ಬರೆದಿದ್ದಾರೆ. ಅದು ಅಮೆರಿಕದ ಹೈಸ್ಕೂಲ್ ಪಂದ್ಯಗಳ ನಿಯಮ, ಎನ್‌ಎಫ್‌ಎಲ್‌ದಲ್ಲ. ಹಾಗಿದ್ದಿದ್ದರೆ ನಾನು ಹತ್ತು ಸಲ ನೋಡಿದ ಆ ಹಾರುವ ಸೀನಿಗೆ ಅರ್ಥವೇ ಇರುತ್ತಿರಲಿಲ್ಲ.

ಸಪೋರ್ಟ್‌ಗೆ ಬರೆದೆ. ಮೂರು ದಿನಕ್ಕೆ ಉತ್ತರ ಬಂತು, ಮರ್ಯಾದೆಯಿಂದಲೇ ಬರೆದಿದ್ದರು, ನೋಡುತ್ತೇವೆ ಅಂದರು. ಆಮೇಲೆ ಒಂದು ಅಪ್‌ಡೇಟ್ ಬಂತು. ಬಣ್ಣ ಬದಲಾಗಿದೆ, ಪ್ರಶ್ನೆ ಹಾಗೇ ಇದೆ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಮೂರೂ ಅನಿಮೇಷನ್‌ಗೆ. ಹೊಸದಾಗಿ ಆಟ ನೋಡುವವರು ಒಂದು ತಿಂಗಳಿಗೆ ತೆಗೆದುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ಹನ್ನೊಂದನೇ ಪ್ರಶ್ನೆ ದಾಟಿ ಮುಂದಿನ ಲೆವೆಲ್‌ಗೆ ಹೋಗಬೇಕಾದರೆ ಮಾತ್ರ ಅವರ ತಪ್ಪು ಉತ್ತರವನ್ನೇ ಒತ್ತಬೇಕು. ನಾನೂ ಒತ್ತಿದ್ದೇನೆ, ಭಾವನಿಗೆ ಹೇಳಿಲ್ಲ.