ಜಿಂಕೆಯ ಬೆನ್ನೋ, ಕಾಲೋ? ಗ್ರಿಟ್ಸ್ ಜೊತೆ ಎರಡನ್ನೂ ಬೇಯಿಸಿ ನೋಡಿದೆ

ರಾಣೆಬೆನ್ನೂರಿನ ಕಡೆಯವಳಾದ ನನಗೆ ಜಿಂಕೆ ಎಂದರೆ ಗೋವಿನಜೋಳದ ಹೊಲಕ್ಕೆ ನುಗ್ಗುವ ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಅದನ್ನು ತಿನ್ನುವ ಮಾತೇ ಇಲ್ಲ. ಈಗ ನಾನಿರುವ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುತ್ತಾರೆ. ಆ ಮಾಂಸವನ್ನು ಮಾರುವಂತಿಲ್ಲ, ಹಂಚಬಹುದು. ಪಕ್ಕದ ಮನೆಯವರು ಒಂದೇ ಪ್ರಾಣಿಯ ಎರಡು ಭಾಗಗಳನ್ನು ತಂದುಕೊಟ್ಟರು: ಬೆನ್ನುಮೂಳೆಯ ಮಗ್ಗುಲಿನ ಬ್ಯಾಕ್‌ಸ್ಟ್ರ್ಯಾಪ್ ಮತ್ತು ಮೂಳೆಸಹಿತ ಕಾಲು. ಎರಡನ್ನೂ ಗ್ರಿಟ್ಸ್ ಮೇಲೆ ಬಡಿಸಿ ನೋಡುವುದೆಂದು ಅಂದೇ ತೀರ್ಮಾನಿಸಿದೆ.

ಮೊದಲು ಗ್ರಿಟ್ಸ್. ಇದು ಗೋವಿನಜೋಳದ ನುಚ್ಚೇ. ಜಾರ್ಜಿಯಾ 2002ರಲ್ಲಿ ಇದನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಐದು ನಿಮಿಷದಲ್ಲಿ ಬೇಯುವ ಸಣ್ಣ ನುಚ್ಚು ಮೆತ್ತಗಾಯಿತು, ಆದರೆ ಜೋಳದ ರುಚಿ ಇರಲಿಲ್ಲ. ಬಿಸಿನೀರು ಸುರಿದು ಕಲಸುವ ಇನ್‌ಸ್ಟಂಟ್ ಪ್ಯಾಕೆಟ್ ಈ ಅಡುಗೆಗೆ ಬೇಡವೇ ಬೇಡ. ಕಲ್ಲಿನಲ್ಲಿ ಬೀಸಿದ್ದೇ ಬೇಕು. ಅದರಲ್ಲಿ ಕಾಳಿನ ಮೊಳಕೆಭಾಗ, ಎಣ್ಣೆ ಎರಡೂ ಉಳಿದಿರುತ್ತವೆ. ಹಾಗಾಗಿ ಬೇಗ ಕಮಟು ಹಿಡಿಯುತ್ತದೆ, ಫ್ರೀಜರಿನಲ್ಲಿಡಬೇಕು.

ಒಂದು ಕಪ್ ನುಚ್ಚನ್ನು ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಬೆರಳಾಡಿಸಿದರೆ ಹೊಟ್ಟು ಮೇಲೆ ತೇಲಿತು. ಅಕ್ಕಿ ತೊಳೆದ ಹಾಗೆ ಬಗ್ಗಿಸಿ ಚೆಲ್ಲಿದೆ. ಮೂರು ಕಪ್ ನೀರು, ಒಂದು ಕಪ್ ಹಾಲು, ಮೊದಲೇ ಉಪ್ಪು, ಸಣ್ಣ ಉರಿ. ಮುಕ್ಕಾಲು ಗಂಟೆ ತಿರುವಿದೆ. ಗಟ್ಟಿಯಾದಂತೆ ಗುಳ್ಳೆ ಒಡೆದು ಮಣಿಕಟ್ಟಿಗೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಹಿಡಿಯಿರಿ. ಕೊನೆಗೆ ಬೆಣ್ಣೆ, ಒಂದಿಷ್ಟು ಕ್ರೀಮ್. ಚೀಸ್ ಹಾಕಲಿಲ್ಲ, ಜೋಳದ ಸಿಹಿ ಮುಚ್ಚಿಹೋಗುತ್ತದೆ.

ಬ್ಯಾಕ್‌ಸ್ಟ್ರ್ಯಾಪ್ ಇಪ್ಪತ್ತು ನಿಮಿಷದ ಕೆಲಸ. ಮೇಲಿನ ಬೆಳ್ಳಿಬಣ್ಣದ ಪೊರೆ ಎಷ್ಟು ಬೇಯಿಸಿದರೂ ಕರಗದು, ಚೂರಿಯಿಂದ ಸುಲಿಯಲೇಬೇಕು. ಮೊದಲ ತುಂಡನ್ನು ಕುರಿಮಾಂಸದಂತೆ ಪೂರ್ತಿ ಬೇಯಿಸಿ ಕೆಡಿಸಿದೆ: ಒಣಗಿ, ಈಲಿಯ ವಾಸನೆ ಬಂತು. ಕೊಬ್ಬೇ ಇಲ್ಲದ ಮಾಂಸ, ತಪ್ಪನ್ನು ಕ್ಷಮಿಸುವುದಿಲ್ಲ. ಎರಡನೆಯದನ್ನು ಕಾದ ಕಬ್ಬಿಣದ ಬಾಣಲೆಯಲ್ಲಿ ಸುತ್ತಲೂ ಕೆಂಪಗೆ ಮಾಡಿ, ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಇಳಿಸಿ, ಹತ್ತು ನಿಮಿಷ ಬಿಟ್ಟು ಕೊಯ್ದೆ. ಚೂರಿ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಮಾಂಸವಾಗಿ ಅದ್ಭುತ. ಆದರೆ ತಟ್ಟೆಯಲ್ಲಿ ಮಾಂಸ ಒಂದು ಕಡೆ, ಗ್ರಿಟ್ಸ್ ಒಂದು ಕಡೆ. ಎರಡನ್ನೂ ಸೇರಿಸಲು ಗೊಜ್ಜಿಲ್ಲ. ಮೂರು ತುತ್ತಿಗೇ ನುಚ್ಚು ಗಂಟಲಲ್ಲಿ ನಿಂತಿತು.

ಕಾಲಿಗೆ ತಾಳ್ಮೆ ಬೇಕು. ಬೇಕನ್ ಕೊಬ್ಬಿನಲ್ಲಿ ಹುರಿದು, ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ, ಒಣ ಥೈಮ್ ಹಾಕಿ, ಅರ್ಧ ಮುಳುಗುವಷ್ಟು ನೀರೆರೆದು, ಬಿಗಿ ಮುಚ್ಚಳದೊಂದಿಗೆ 150 ಡಿಗ್ರಿಯ ಓವನ್‌ನಲ್ಲಿಟ್ಟೆ. ಎರಡು ಗಂಟೆಗೆ ತೆಗೆದು ಚುಚ್ಚಿದರೆ ರಬ್ಬರ್. ಮೂರೂವರೆ ಗಂಟೆಗೆ ಮೂಳೆ ಕೈಗೆ ತಾನಾಗಿ ಬಂತು. ಕೀಲುಗಳ ಅಂಟೆಲ್ಲ ಕರಗಿ ಗೊಜ್ಜು ಹೊಳೆಯುತ್ತಿತ್ತು. ಒಂದು ಚಮಚ ಕುಡಿದರೆ ಕಾಲುಸೂಪಿನಂತೆ ತುಟಿ ಅಂಟಿತು. ಬಿಳಿ ಗ್ರಿಟ್ಸ್ ನಡುವೆ ಗುಂಡಿ ಮಾಡಿ ಅದನ್ನು ಸುರಿದಾಗ, ಅಂಚಿನಲ್ಲಿ ಕಂದು ಗೊಜ್ಜು ನಿಧಾನವಾಗಿ ನುಚ್ಚಿನೊಳಗೆ ಇಳಿಯಿತು. ಇದೇ ನನ್ನ ಆಯ್ಕೆ. ಬ್ಯಾಕ್‌ಸ್ಟ್ರ್ಯಾಪ್ ಸಿಕ್ಕಿದರೆ ಹುರಿದು ಬ್ರೆಡ್ ಜೊತೆ ತಿನ್ನುತ್ತೇನೆ, ಗ್ರಿಟ್ಸ್ ಮೇಲೆ ಇಡುವುದಿಲ್ಲ.

ಮರುದಿನ ಉಳಿದ ಬ್ಯಾಕ್‌ಸ್ಟ್ರ್ಯಾಪನ್ನು ಬಿಸಿ ಮಾಡಿದೆ, ಚರ್ಮದಂತಾಯಿತು. ಕಾಲಿನ ಗೊಜ್ಜು ಫ್ರಿಜ್‌ನಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು, ಬಿಸಿ ಮಾಡಿದ ಮೇಲೆ ಹಿಂದಿನ ರಾತ್ರಿಗಿಂತ ರುಚಿಯಾಗಿತ್ತು. ತಣ್ಣಗೆ ಬಿಗಿದಿದ್ದ ಗ್ರಿಟ್ಸನ್ನು ಬಿಲ್ಲೆ ಕತ್ತರಿಸಿ, ಬೆಣ್ಣೆಯಲ್ಲಿ ಎರಡೂ ಬದಿ ಗರಿಯಾಗಿಸಿ, ಅದರ ಮೇಲೆ ಆ ಗೊಜ್ಜು ಹಾಕಿ ಬೆಳಗಿನ ತಿಂಡಿ ಮುಗಿಸಿದೆವು.